ಕಡಲ ಕಾಡಿಗೆ ಹೋದ ಟವೆಲು

ನಿವೃತ್ತರಾದವರು ಎಲ್ಲಿಗಾದರೂ ಹೋಗಿ ಸುಮ್ಮನೆ ವಾಪಸ್ ಬಂದದ್ದನ್ನು ನಾನಂತೂ ಕಂಡಿಲ್ಲ. ಬಡಾವಣೆಯ ಅಭ್ಯಾಸಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡೇ ಹೊರಡುತ್ತೇವೆ, ಆಮೇಲೆ ಏನಾದರೊಂದು ಆಗಿಯೇ ಆಗುತ್ತದೆ. ಮೊನ್ನೆ ಚಳಿಗಾಲದಲ್ಲಿ ಉತ್ತರ ಕನ್ನಡದ ಕಡಲಂಚಿನ ರಕ್ಷಿತಾರಣ್ಯವೊಂದಕ್ಕೆ ಚಾರಣ ಹೋದೆವು. ನಾನು, ನನ್ನ ಹೆಂಡತಿ, ಜೊತೆಗೆ ಚಂದ್ರಾ ಲೇಔಟ್ ಪಾರ್ಕಿನಲ್ಲಿ ದಿನಾ ನನ್ನೊಡನೆ ವಾಕಿಂಗ್ ಮಾಡುವ ಗೆಳೆಯರೊಬ್ಬರು. ಈ ಗೆಳೆಯರು ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ ಬಸ್ಸಿನಲ್ಲಿ ಓಡಾಡಿಯೇ ಸರ್ವಿಸ್ ಮುಗಿಸಿದವರು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲವಂತೆ. ಆ ಟವೆಲು ಈಗಲೂ ಹೆಗಲ ಮೇಲಿರುತ್ತದೆ.

ಕವರೊಳಗಿನ ಕವರು

ಗೇಟಿನಲ್ಲಿ ಫಾರೆಸ್ಟ್ ಗಾರ್ಡ್ ಬ್ಯಾಗು ತೆಗೆಸಿದ. ಕಾಡಿನೊಳಗೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ನನ್ನ ಹೆಂಡತಿ ಕೊಡುಬಳೆಯನ್ನು ಒಂದು ಕವರಿಗೆ ಹಾಕಿ, ಆ ಕವರನ್ನು ಇನ್ನೊಂದರಲ್ಲಿಟ್ಟು, ಅದನ್ನು ಮಗದೊಂದರಲ್ಲಿ ಕಟ್ಟಿದ್ದಳು. ಗಾರ್ಡ್ ಬಿಚ್ಚುತ್ತಲೇ ಹೋದ.

"ಒಳಗೆ ಎಂತ ಉಂಟು ಅಮ್ಮಾ?"

"ಕೊಡುಬಳೆ ಕಣಪ್ಪ."

"ಕೊಡುಬಳೆ ತಗೊಂಡು ಹೋಗಿ. ಕವರ್ ಇಲ್ಲೇ ಬಿಡಿ."

ಅವಳು ಸುತ್ತ ನೋಡಿದಳು. ಕೊನೆಗೆ ನನ್ನ ತಲೆ ಕಂಡಿತು. "ಈ ಬಿಸಿಲಲ್ಲಿ ನಿಮಗ್ಯಾಕ್ರೀ ಮಂಕಿ ಕ್ಯಾಪು?" ಎಂದು ಕಿತ್ತುಕೊಂಡು ಕೊಡುಬಳೆಯೆಲ್ಲ ಅದಕ್ಕೆ ಸುರಿದಳು.

ಗಾರ್ಡ್ ದಾರಿ ಹೇಳಿದ: "ಸಮುದ್ರ ಎಡಗಡೆ ಇರೋ ಹಾಗೆ ನಡೀರಿ. ಆಚೆ ತುದಿಯಲ್ಲಿ ಹೊಳೆ ದಾಟಲಿಕ್ಕೆ ದೋಣಿ ಉಂಟು. ಉಬ್ಬರದ ನೀರು ಇಳಿಯೋದ್ರೊಳಗೆ ಮುಟ್ಟಬೇಕು. ತಪ್ಪಿದ್ರೆ ಬಂದ ದಾರಿಯಲ್ಲೇ ವಾಪಸ್."

ನನ್ನ ಹೆಂಡತಿಗೆ ಮಂಡಿನೋವು. ಹೋಗುವುದೇನೋ ಹೋಗಬಲ್ಲಳು, ಅಷ್ಟೇ ದೂರ ಮರಳಿ ನಡೆಯುವುದು ಆಗದ ಮಾತು. ಆದರೂ ಆರಾಮಾಗಿ ಹೇಳಿದಳು: "ತಪ್ಪಿದ್ರೆ ಇವರು ನನ್ನ ಹೊತ್ಕೊಂಡು ಬರ್ತಾರೆ ಬಿಡಪ್ಪ."

ಗಾರ್ಡ್ ಅವಳನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ಹಾಗಾದ್ರೆ ಸ್ವಲ್ಪ ಬೇಗ ನಡೀರಿ ಸಾರ್."

ಕಾಡಿನಲ್ಲೊಂದು ರೌಂಡು

ಪಾರ್ಕಿನಲ್ಲಿ ನಮ್ಮ ಗೆಳೆಯರು ಪ್ರತಿ ಮೂಲೆಯಲ್ಲೂ ಬಲಕ್ಕೇ ತಿರುಗುವವರು. ಯಾರಾದರೂ ಎದುರಿನಿಂದ ಸುತ್ತುತ್ತಾ ಬಂದರೆ ಅವರ ಮನೆತನದ ಮೇಲೇ ಅನುಮಾನಪಡುತ್ತಾರೆ. ಕಾಡಿನಲ್ಲೂ ಅವರೇ ಮುಂದಾಳು. ದಾರಿ ಕವಲೊಡೆದ ಕಡೆಯೆಲ್ಲ ಕಾಲು ತಾನಾಗಿ ಬಲಕ್ಕೆ ಹೋಯಿತು.

ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಕೇಳಿದಳು, "ಅಣ್ಣಾ, ಸಮುದ್ರ ಈಗ ಬಲಗಡೆ ಬಂದಿದೆಯಲ್ಲ?"

"ಸಮುದ್ರ ಅಂದ್ರೇನು ಸಣ್ಣದಾ ಅಮ್ಮಾ? ಎಲ್ಲಾ ಕಡೆನೂ ಇರುತ್ತೆ," ಎಂದರು ಗೆಳೆಯರು.

ಇನ್ನಷ್ಟು ದೂರ ನಡೆದ ಮೇಲೆ ಒಂದು ಹಾಸುಬಂಡೆ ಸಿಕ್ಕಿತು. ಅದರ ಮೇಲೆ ಪುಡಿ ಬಿದ್ದಿತ್ತು. ಗೆಳೆಯರಿಗೆ ಸಂತೋಷವಾಯಿತು. "ನೋಡಿ ಸಾರ್, ಯಾರೋ ಇಲ್ಲಿ ಕೂತು ಕೊಡುಬಳೆ ತಿಂದಿದಾರೆ. ನಮ್ಮ ಬೆಂಗಳೂರಿನವರೇ ಇರಬೇಕು. ದಾರಿ ಸರಿಯಾಗೇ ಇದೆ."

ನನ್ನ ಹೆಂಡತಿ ಒಂದು ಚೂರೆತ್ತಿ ಮೂಸಿದಳು.

"ಬೆಂಗಳೂರಿನವರಲ್ಲ ಅಣ್ಣಾ, ನಾವೇ. ಈ ಓಮ ಹಾಕಿದ್ದು ನಾನು."

ಇರುವೆಗಳ ಪಾಲು

ಸಮುದ್ರವನ್ನು ಮತ್ತೆ ಎಡಕ್ಕೆ ಹಾಕಿಕೊಂಡು ಗುಡ್ಡದ ನೆತ್ತಿ ಹತ್ತಿದಾಗ ಕಡಲ ಗಾಳಿ ಕಿವಿಗೆ ನುಗ್ಗಿತು. ಕೊಡುಬಳೆ ಖಾಲಿಯಾಗಿತ್ತು. ನನ್ನ ಟೋಪಿ ವಾಪಸ್ ತಗೊಂಡು ಹಾಕಿಕೊಂಡೆ. ಕೊಡುಬಳೆಯ ವಾಸನೆ ಹಿಡಿದು ಕೆಂಪಿರುವೆಗಳು ಅದರೊಳಗೆ ಆಗಲೇ ಸೇರಿದ್ದವು. ನಾನು ಕುಣಿಯುತ್ತಾ ಇಳಿಜಾರಿನ ಅರ್ಧ ದಾರಿ ಇಳಿದುಬಿಟ್ಟೆ.

ಹಿಂದಿನಿಂದ ಹೆಂಡತಿಯ ದನಿ: "ಬೆಳಗ್ಗೆಯಿಂದ ಹೀಗೇ ನಡೆದಿದ್ರೆ ಇಷ್ಟೊತ್ತಿಗೆ ದೋಣಿ ಸಿಗ್ತಿತ್ತು."

ಸೀಟು

ಹೊಳೆಯ ದಡಕ್ಕೆ ಬಂದೆವು. ದೋಣಿ ಆಗಷ್ಟೇ ದಡ ಬಿಟ್ಟಿತ್ತು. ಕಾದು ಸಾಕಾದ ಅಂಬಿಗ ನಮಗೆ ಬೆನ್ನು ಹಾಕಿ ಹುಟ್ಟು ಹಾಕುತ್ತಿದ್ದ. ಎಷ್ಟು ಕೂಗಿದರೂ ಗಾಳಿಯಲ್ಲಿ ಅವನಿಗೆ ಕೇಳಿಸಲಿಲ್ಲ.

ನನ್ನ ಹೆಂಡತಿ ಬಂಡೆಯ ಮೇಲೆ ಕೂತು ಮಂಡಿ ಒತ್ತಿಕೊಂಡಳು. ಮುಖದಲ್ಲಿ ನಗುವಿರಲಿಲ್ಲ. ಹಿಂದಿನ ಗುಡ್ಡವನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಒಂದೇ ಮಾತು ಹೇಳಿದಳು:

"ಬಗ್ಗಿ."

ಬಗ್ಗಿದೆ. ಸೊಂಟದಲ್ಲಿ ಏನೋ ಲಟಕ್ ಎಂದಿತು.

ಅಷ್ಟರಲ್ಲಿ ಗೆಳೆಯರು ಹೆಗಲ ಟವೆಲನ್ನು ನೀರಿಗೆ ಅದ್ದಿ, ಉಂಡೆ ಮಾಡಿ, ಪ್ಯಾಂಟು ಮೇಲೆತ್ತಿ ಮೊಣಕಾಲುದ್ದ ನೀರಿಗಿಳಿದಿದ್ದರು. ಮೆಜೆಸ್ಟಿಕ್ಕಿನ ಅಷ್ಟೂ ವರ್ಷಗಳ ಅನುಭವ ತೋಳಿಗೆ ಬಂದಿರಬೇಕು. ಟವೆಲು ಹೊಳೆಯ ಮೇಲೆ ಹಾರಿಹೋಗಿ ಅಂಬಿಗನ ಕುತ್ತಿಗೆಗೆ ಪಟ್ಟನೆ ಬಡಿದು ಅವನು ಕೂತ ಹಲಗೆಯ ಮೇಲೆ ಬಿತ್ತು.

"ಯಾರು ಮಾರಾಯ್ರೇ ಅದು?" ಎನ್ನುತ್ತಾ ಬಯ್ಯುವುದಕ್ಕೆಂದೇ ಅವನು ದೋಣಿ ತಿರುಗಿಸಿಕೊಂಡು ಬಂದ. ಅವನ ಬೈಗುಳ ಮುಗಿಯುವುದರೊಳಗೆ ನನ್ನ ಹೆಂಡತಿ ಹತ್ತಿ ಕೂತಾಗಿತ್ತು. ಪಕ್ಕದ ಜಾಗ ತಟ್ಟಿ ನನ್ನನ್ನು ಕರೆದಳು. "ಬಗ್ಗಿದ್ರಲ್ಲ, ಅಷ್ಟು ಸಾಕು ಬಿಡಿ," ಎಂದು ಮೆಲ್ಲಗೆ ಸೊಂಟ ಸವರಿದಳು.

ದೋಣಿಯಲ್ಲಿ ಬೇರೆ ಯಾರೂ ಇಲ್ಲ, ಹಲಗೆಗಳೆಲ್ಲ ಖಾಲಿ. ಗೆಳೆಯರು ಮಾತ್ರ ನಿಂತೇ ಇದ್ದರು. ಅವರ ಕಣ್ಣು ಅಂಬಿಗನ ಮೇಲೆ.

"ಕೂತ್ಕೊಳ್ಳಿ," ಎಂದ ಅವನು.

"ಎಲ್ಲಿ ಕೂತ್ಕೊಳ್ಳೋದು? ನಾನು ಟವೆಲ್ ಹಾಕಿದ ಸೀಟಲ್ಲಿ ನೀವು ಕೂತಿದೀರಲ್ಲ."

ಅಂಬಿಗ ಎದ್ದು, ಟವೆಲು ಕೊಡವಿ ಹಲಗೆಯ ಮೇಲೆ ನೀಟಾಗಿ ಹಾಸಿ, ಹುಟ್ಟನ್ನು ಅವರ ಕೈಗಿಟ್ಟ.

"ಸೀಟು ನಿಮ್ಮದೇ ಮಾರಾಯ್ರೇ. ದೋಣೀನೂ ನೀವೇ ಬಿಡಿ."