ಕಾಕಾನ ಕೆಮ್ಮಿನ ತಪಾಸಣೆ

ನಮ್ಮ ಕಾಕಾನಷ್ಟು ಸೌಜನ್ಯವಿಲ್ಲದ ಮನುಷ್ಯ ಇಡೀ ಅಕ್ಕಲಕೋಟ ತಾಲೂಕಿನಲ್ಲಿ ಸಿಗಲಾರ. ಮನೆಗೆ ಬಂದವರಿಗೆ ಯಾರಾದರೂ ಮೊದಲು ನೀರು ಕೊಡುತ್ತಾರೆ. ಈತ ಹೊಸ್ತಿಲಿಗೆ ಅಡ್ಡ ನಿಂತು, "ಕೆಮ್ಮು ಐತೇನ್ರಿ?" ಎನ್ನುತ್ತಾನೆ. ಇಲ್ಲವೆಂದರೂ ಬಿಡುವುದಿಲ್ಲ. "ಹಂಗಾದ್ರ ಒಮ್ಮೆ ಜೋರಾಗಿ ಉಸಿರು ತಗೋರಿ, ನೋಡೂಣು." ಸ್ವಂತ ಬೀಗರನ್ನೇ ಒಂದು ಸೀನಿಗಾಗಿ ಬೇವಿನ ಮರದ ಕೆಳಗೆ ಕೂಡಿಸಿ, ಅಲ್ಲೇ ಚಹಾ ಕೊಟ್ಟು ಕಳಿಸಿದ್ದಾನೆ!

ಕಾರಣ ಅವನ ಹೆಂಡತಿ, ನಮ್ಮ ಕಾಕು. ಆಕೆಯ ಕಿಡ್ನಿಗಳು ಕೈಕೊಟ್ಟಿವೆ. ನಮ್ಮೂರು ಕರಜಗಿಯಿಂದ ಸೊಲ್ಲಾಪುರಕ್ಕೆ ವಾರವಾರವೂ ಡಯಾಲಿಸಿಸ್‌ಗೆ ಹೋಗಬೇಕು. "ಇವರಿಗೆ ಸಣ್ಣ ಫ್ಲೂ ಬಂದ್ರೂ ದೊಡ್ಡದಾಗತೈತಿ. ಊಟ ಕಡಿಮಿ ಆದ್ರಂತೂ ತಡಕೊಳ್ಳೋ ಶಕ್ತೀನ ಇರಂಗಿಲ್ಲ" ಎಂದು ಡಾಕ್ಟರು ಹೇಳಿದ್ದೇ ತಡ, ಎಂದೂ ಅಡುಗೆಮನೆಗೆ ಕಾಲಿಡದ ಕಾಕಾ ಒಲೆ ಹಿಡಿದ. ತರಕಾರಿ ಹೆಚ್ಚಿ, ಕುದಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಿದರೆ, ಕೆಟ್ಟ ಕಿಡ್ನಿಗಳು ಹೊರಹಾಕಲಾರದ ಪೊಟ್ಯಾಶಿಯಂ ಕಡಿಮೆಯಾಗುತ್ತದಂತೆ. ಕಾಕಾ ಎಷ್ಟು ಹುರುಪಿನಿಂದ ಕುದಿಸುತ್ತಿದ್ದನೆಂದರೆ, ತಾಟಿನಲ್ಲಿರುವುದು ಬದನೆಯೋ ಸೋರೆಯೋ ಎಂದು ಉಣ್ಣುವವರು ಕೇಳಬೇಕಿತ್ತು. ಹೆಂಡತಿಗಿಲ್ಲದ್ದು ತನಗೇಕೆಂದು ಶೇಂಗಾ ಚಟ್ನಿಯನ್ನೂ ಬಿಟ್ಟ. ಸೊಲ್ಲಾಪುರ ಸೀಮೆಯವನು ಶೇಂಗಾ ಚಟ್ನಿ ಬಿಡುವುದೆಂದರೆ ಸಣ್ಣ ಮಾತೇ?

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ವಳಸಂಗದಿಂದ ಕಾಕಾನ ಅಕ್ಕ ಚೀಲದ ತುಂಬ ಎಳನೀರು ತಂದಳು. ಅದರ ಪೊಟ್ಯಾಶಿಯಂ ಕಾಕುವಿನ ಹೃದಯಕ್ಕೇ ಕುತ್ತು.

"ಅಕ್ಕಾ, ಪ್ರೀತೀಲೆ ತಂದೀದಿ, ಒಯ್ಯಿ ಅನ್ನಂಗಿಲ್ಲ. ಇಲ್ಲೇ ಕೂತು ಎಲ್ಲಾ ನೀನ ಕುಡಿ."

ಪಾಪ, ಕುಡಿದಳು. ಅಂದಿನಿಂದ ಬಂಧುಗಳೆಲ್ಲ ಸೇಬು ತರತೊಡಗಿದರು.

ಹೋದ ಮಳೆಗಾಲದಲ್ಲಿ ಊರಿಗೆಲ್ಲ ಜ್ವರ ಬಂತು. ನಮ್ಮ ಮನೆಯಲ್ಲಿ ಕೆಮ್ಮಿದವನು ಯಾರು? ಸಾಕ್ಷಾತ್ ಕಾಕಾ! ತನ್ನ ಕಾಯ್ದೆ ತನಗೂ ಹಚ್ಚಿಕೊಂಡು, ಹಾಸಿಗೆ ಸುತ್ತಿ ಅಂಗಳದಾಚೆಯ ತಗಡಿನ ಶೆಡ್ಡಿಗೆ ಹೋದ. ಅಡುಗೆ ನನ್ನ ಪಾಲಿಗೆ ಬಂತು. ಆದರೆ ಕಾಕು ಎರಡು ತುತ್ತಿಗೇ ತಾಟು ಸರಿಸಿಬಿಡುತ್ತಿದ್ದಳು. ದಿನದಿನಕ್ಕೆ ಸೊರಗಿದಳು. ನನಗೆ ನಿಜಕ್ಕೂ ಹೆದರಿಕೆಯಾಗಿ, ಶೆಡ್ಡಿನ ಹೊರಗೆ ನಿಂತು ಕಾಕಾನಿಗೆ ಹೇಳಿದೆ.

ಅವನು ಮೂಗು ಬಾಯಿಗೆ ಟಾವೆಲ್ ಕಟ್ಟಿಕೊಂಡು, ತಾಟು ಹಿಡಿದು ಅಂಗಳದ ಆ ತುದಿಗೆ, ಕಾಕುವಿನ ಕಿಟಕಿಗೆ ಎದುರಾಗಿ ಬಂದು ಕೂತ. ಬಾಯಿಗೆ ರುಚಿಯಿರಲೆಂದು ನಾನು ಹಾಕಿದ್ದ ಶೇಂಗಾ ಚಟ್ನಿಯನ್ನು ಬದಿಗೆ ಸರಿಸಿದ.

"ಏ, ಇತ್ಲಾಗ ನೋಡ. ನಂದೂ ಸಪ್ಪಂದ ಐತಿ. ನೀ ತುತ್ತು ಎತ್ತು, ಆಮ್ಯಾಲೆ ನಾ ಎತ್ತತೀನಿ."

"ಜ್ವರದಾಗ ಉಪಾಸ ಇರಬ್ಯಾಡ್ರಿ" ಎನ್ನುತ್ತ ಕಿಟಕಿಯೊಳಗಿಂದ ಕಾಕು ಒಂದು ತುತ್ತು ಎತ್ತಿದಳು. ಅಲ್ಲಿ ಟಾವೆಲ್ ಇಳಿಯಿತು. ಹಾಗೆಯೇ ಎರಡೂ ತಾಟು ಖಾಲಿಯಾದವು. ಜ್ವರ ಬಿಡುವವರೆಗೂ ಇದೇ ಪಂಕ್ತಿ ನಡೆಯಿತು.

ಕಾಕುವಿಗೆ ಜ್ವರ ತಗಲಲಿಲ್ಲ. ಕಾಕಾ ಗುಣವಾಗಿ ಬಂದ ದಿನ ಆಕೆಯೇ ಹೊಸ್ತಿಲಿಗೆ ಅಡ್ಡ ನಿಂತಳು.

"ಕೆಮ್ಮು ಐತೇನ್ರಿ?"

ನಗುತ್ತಲೇ ಕೇಳಿದಳು, ಆದರೆ ಕಣ್ಣು ತುಂಬಿದ್ದವು. ಊರಿಗೆಲ್ಲ ಜಬರ್ದಸ್ತಿ ಮಾಡುವ ಕಾಕಾ ಸಣ್ಣ ಹುಡುಗನಂತೆ ಒಮ್ಮೆ ಜೋರಾಗಿ ಉಸಿರು ಎಳೆದುಕೊಂಡು ತೋರಿಸಿದ.