ನಮ್ಮ ಹಿತ್ತಲ ಗೇಟಿನ ಬಾಣದ ಬಗ್ಗೆ ಒಂದು ಅರಿಕೆ

ದೂರದಾರಿ ನಡಿಗೆ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಮುನ್ನೂರು ಕಿಲೋಮೀಟರ್ ಉದ್ದದ ಕಾಲುದಾರಿಯನ್ನು ಒಂದೇ ಮೇಜಿನ ಹಿಂದೆ ಕೂತು ನಿಭಾಯಿಸುತ್ತಿರುವ ತಮ್ಮ ಸಾಮರ್ಥ್ಯಕ್ಕೆ ಮೊದಲು ಕೈಮುಗಿದು, ತಮ್ಮ ತಲೆಯ ಮೇಲಿನ ಫ್ಯಾನು ಸದಾಕಾಲ ತಿರುಗುತ್ತಿರಲಿ ಎಂದು ಹಾರೈಸಿ, ಕನ್ನಡಕದಂಗಡಿ ಇಟ್ಟುಕೊಂಡು ಹೇಗೋ ಕಾಲ ಹಾಕುತ್ತಿರುವ ನಾನು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೈಬರಹದ ಪರಿಚಯ ತಮಗೆ ಇದ್ದೇ ಇದೆ, ಏಕೆಂದರೆ ಇದು ನನ್ನ ಹನ್ನೆರಡನೆಯ ದೂರು. ಹಿಂದಿನ ಹನ್ನೊಂದು ದೂರುಗಳು ತಮ್ಮ ಮಂಡಳಿಯ ವಿರುದ್ಧ ಇದ್ದವು. ಇದು ಆ ಹನ್ನೊಂದರ ವಿರುದ್ಧ.

ಕೆಲಸದ ಒತ್ತಡದಲ್ಲಿ ತಾವು ವಿಷಯ ಮರೆತಿರಬಹುದು. ತಮ್ಮ ದಾರಿ ನೂರ ಹನ್ನೆರಡನೇ ಕಿಲೋಮೀಟರಿನಲ್ಲಿ ನಮ್ಮ ಹಿತ್ತಲ ಗೋಡೆಗೆ ಮೈ ಉಜ್ಜಿಕೊಂಡು ಹೋಗುತ್ತದೆ. ನಾಲ್ಕು ವರ್ಷಗಳ ಹಿಂದೆ ಹಳದಿ ಬಾಣ ಬರೆಯಲು ಬಂದ ತಮ್ಮ ಪೇಂಟರ್ ಮಹಾಶಯರು, ಅಷ್ಟುದ್ದದ ಗೋಡೆಯನ್ನೆಲ್ಲ ಬಿಟ್ಟು, ನುಣ್ಣಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಗೇಟಿನ ತಗಡಿನ ಮೇಲೆ ಬಾಣ ಬರೆದು ಹೋದರು. ಗೇಟು ಮುಚ್ಚಿದ್ದರೆ ಬಾಣ ಮುಂದಿನ ದಾರಿ ತೋರಿಸುತ್ತದೆ, ಅರ್ಧ ತೆರೆದರೆ ನಮ್ಮ ಅಡುಗೆಮನೆ ತೋರಿಸುತ್ತದೆ. ಗೇಟು ಎನ್ನುವುದು ತೆರೆಯುವ ವಸ್ತು ಎಂಬುದು ತಮ್ಮ ಯೋಜನಾ ವರದಿಯಲ್ಲಿ ಬಿಟ್ಟುಹೋಗಿತ್ತೆಂದು ಕಾಣುತ್ತದೆ. ಇರಲಿ ಬಿಡಿ, ಮುನ್ನೂರು ಪುಟದಲ್ಲಿ ಎಲ್ಲವನ್ನೂ ಬರೆಯಲಾದೀತೆ?

ಅಂದಿನಿಂದ ನಾನು ಒಳಕೋಣೆಯಲ್ಲಿ ಗಾಜು ಉಜ್ಜುತ್ತಿದ್ದರೆ, ಬೆನ್ನ ಮೇಲೆ ಮನೆಯನ್ನೇ ಹೊತ್ತಂತಿದ್ದ ಅಪರಿಚಿತರು ನಮ್ಮ ಒಲೆಯ ಪಕ್ಕ ನಿಂತು "ಜಲಪಾತ ಇನ್ನೆಷ್ಟು ದೂರ ಸಾರ್?" ಎಂದು ಕೇಳತೊಡಗಿದರು. ಗಂಡ ಹೆಂಡತಿ ಇಬ್ಬರಂತೂ ನಮ್ಮ ಬಚ್ಚಲಿನ ಹೊಗೆಗೂಡನ್ನು ಪುರಾತನ ಸ್ಮಾರಕವೆಂದು ನಂಬಿ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಫೋಟೊ ತೆಗೆದದ್ದು ನಾನೇ. ಆ ದಿನವೇ ನನ್ನ ಮೊದಲ ದೂರು ಹೊರಟಿತು.

ಇಲ್ಲಿ ನನ್ನ ಅತ್ತೆಯವರ ವಿಷಯ ಹೇಳಲೇಬೇಕು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು, ಡಾಕ್ಟರುಗಳನ್ನೂ ಗದರಿಸಿ ಬಾಳಿದ ಅವರು, ನಿವೃತ್ತಿಯಾಗಿ ನಮ್ಮ ಮನೆಗೆ ಬಂದ ಮೇಲೆ ಎರಡು ವರ್ಷ ಗೋಡೆ ನೋಡಿಕೊಂಡು ಕೂತಿದ್ದರು. ಊಟಕ್ಕೆ ಕರೆದರೆ "ನನ್ನಿಂದ ಇನ್ಯಾರಿಗೆ ಏನಾಗ್ಬೇಕು" ಅನ್ನುವರು, ನನ್ನ ಹೆಂಡತಿ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುವಳು. ಹಾಗಿರುವಾಗ ಒಂದು ಬೆಳಿಗ್ಗೆ, ಬಾಣ ನಂಬಿ ಬಂದ ಮೊದಲ ನಡಿಗೆದಾರ ಕುಂಟುತ್ತಾ ಹಿತ್ತಲಿಗೆ ಕಾಲಿಟ್ಟ. ಅತ್ತೆ ತಲೆಯೆತ್ತಿ "ಯಾವ ಕಾಲು?" ಎಂದರು. ಅವನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಡಿಸಿ, ಬೊಕ್ಕೆಗಳಿಗೆ ಪಟ್ಟಿ ಕಟ್ಟುತ್ತಾ, "ಒದ್ದೆ ಕಾಲುಚೀಲದಲ್ಲಿ ಇಪ್ಪತ್ತು ಕಿಲೋಮೀಟರ್ ನಡ್ದಿದೀಯಲ್ಲ, ತಲೆ ಎಲ್ಲಿಟ್ಟು ಬಂದೆ?" ಎಂದು ಜನ್ಮ ಜಾಲಾಡಿದರು. ಅಂದು ಮಧ್ಯಾಹ್ನ ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು. ಆಮೇಲೆ ನಾನು ಗೇಟು ಮುಚ್ಚಿದಾಗಲೆಲ್ಲ "ಗಾಳಿ ಬರ್ಲಿ" ಎಂದು ಅವರು ತೆರೆಯುತ್ತಿದ್ದರು, ನಾನು ಮೂಢ, ಕೂತು ಇನ್ನೊಂದು ದೂರು ಬರೆಯುತ್ತಿದ್ದೆ.

ಇತ್ತೀಚೆಗೆ ತಾವು ಚೀಟಿ ಹಂಚಿ, 'ಈ ದಾರಿಯಲ್ಲಿ ತಮಗೆ ಅತಿ ಹೆಚ್ಚು ಇಷ್ಟವಾದದ್ದೇನು?' ಎಂದು ನಡಿಗೆದಾರರನ್ನು ಕೇಳಿದಿರಿ. ತಾವೇ ಪ್ರಕಟಿಸಿದ ವರದಿಯ ಪ್ರಕಾರ ಜಲಪಾತಕ್ಕೆ ಎರಡನೆಯ ಸ್ಥಾನ, ಸೂರ್ಯಾಸ್ತದ ದಿಬ್ಬಕ್ಕೆ ಮೂರನೆಯದು. ಮೊದಲ ಸ್ಥಾನ 'ನೂರ ಹನ್ನೆರಡರಲ್ಲಿ ದಾರಿ ತಪ್ಪಿದ್ದು' ಎಂಬುದಕ್ಕೆ. 'ನಮ್ಮಮ್ಮ ಹೋದ್ಮೇಲೆ ನನ್ನನ್ನ ಇಷ್ಟು ಚೆನ್ನಾಗಿ ಯಾರೂ ಬೈದಿರಲಿಲ್ಲ' ಎಂದು ಒಬ್ಬರು ಬರೆದಿದ್ದರು. ತಮ್ಮ ಹೆಸರು ಕೆತ್ತಿದ ಉದ್ಘಾಟನಾ ಕಲ್ಲಿಗೂ ಒಂದು ಮತ ಬಿದ್ದಿದೆ, ಆ ಚೀಟಿಯ ಕೈಬರಹದ ಬಗ್ಗೆ ನಾನು ಏನನ್ನೂ ಹೇಳಲಾರೆ.

ಈ ವರದಿಯನ್ನು ಓದಿ ತಾವು ಕಂಡುಕೊಂಡ ಸತ್ಯವೇನೆಂದರೆ, ಜನ ದಾರಿ ತಪ್ಪುತ್ತಿದ್ದಾರೆ! ನಾಲ್ಕು ವರ್ಷ ಮಿಸುಕಾಡದ ಕಚೇರಿ ನನ್ನ ಹನ್ನೊಂದೂ ದೂರುಗಳನ್ನು ಲಗತ್ತಿಸಿ, ಒಂದೇ ವಾರದಲ್ಲಿ ಗೇಟಿನ ಬಾಣ ಕೆರೆಸಿ, ಎದುರಿಗೆ ಕಾಂಕ್ರೀಟಿನ ಕಂಬ ನೆಟ್ಟು, ಅದರ ಮೇಲೆ ತಪ್ಪಲು ಸಾಧ್ಯವೇ ಇಲ್ಲದ ಬಾಣ ಕೆತ್ತಿಸಿತು. ಇಷ್ಟು ಚುರುಕು ತಮಗೆ ಎಲ್ಲಿಂದ ಬಂತು ಸ್ವಾಮಿ?

ಮೂರು ವಾರದಿಂದ ನಮ್ಮ ಹಿತ್ತಲಿಗೆ ಒಂದು ನರಪಿಳ್ಳೆಯೂ ಬಂದಿಲ್ಲ. ಅತ್ತೆ ಮೊದಮೊದಲು ಬೆಳಿಗ್ಗೆ ನೀರು ಕಾಯಿಸಿ ಮಧ್ಯಾಹ್ನ ಗಿಡಗಳಿಗೆ ಸುರಿಯುತ್ತಿದ್ದರು, ಹೋದ ವಾರ ಕಾಯಿಸುವುದನ್ನೂ ಬಿಟ್ಟು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನೇ ಕುಂಟುವ ನಟನೆ ಮಾಡಿ ಮುಂದೆ ನಿಂತೆ. "ಸ್ವಲ್ಪ ಮಲ್ಕೊಳ್ಳಿ, ಸರಿಹೋಗುತ್ತೆ" ಎಂದರು, ಅಷ್ಟೇ. ಅಳಿಯನನ್ನು ಬಯ್ಯುವ ಪದ್ಧತಿ ಅವರಲ್ಲಿಲ್ಲ. ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅದು ನ್ಯಾಯವೇ. ಇದನ್ನೆಲ್ಲ ತಂದಿಟ್ಟವನು ನಾನು, ನನಗೆ ನಾಚಿಕೆಯಾಗಿದೆ.

ಆದ್ದರಿಂದ ಕೇಳಿಕೊಳ್ಳುವುದೇನೆಂದರೆ, ತಾವು ದಯಮಾಡಿ ಆ ಕಂಬ ಕೀಳಿಸಿ, ಅದೇ ಪೇಂಟರನ್ನು, ಯಾವುದೇ ತರಬೇತಿ ಕೊಟ್ಟು ಕೆಡಿಸದೆ, ಮತ್ತೆ ನಮ್ಮ ಗೇಟಿಗೆ ಕಳಿಸಬೇಕು. ನೆಟ್ಟ ಕಂಬ ಕೀಳಲು ನಿಯಮವಿಲ್ಲವಾದರೆ ಜಲಪಾತವನ್ನೇ ನಮ್ಮ ಹಿತ್ತಲಿಗೆ ವರ್ಗಾಯಿಸಬಹುದು, ನಮ್ಮ ಅಭ್ಯಂತರವಿಲ್ಲ. ನನ್ನ ಹನ್ನೊಂದು ದೂರುಗಳನ್ನು ಯಾರೋ ತಲೆಕೆಟ್ಟವನು ಬರೆದದ್ದೆಂದು ಕಡತದಲ್ಲಿ ನಮೂದಿಸಿದರೆ ಸಹಿ ಹಾಕಿಕೊಡಲು ಸಿದ್ಧನಿದ್ದೇನೆ.

ತಪ್ಪನ್ನು ತಿದ್ದಿದ ತಪ್ಪನ್ನು ತಾವು ತಿದ್ದುವಿರೆಂದು ನಂಬಿರುವ,
ತಮ್ಮ ವಿಶ್ವಾಸಿ,
ಗೇಟಿನ ಮನೆಯ ಕನ್ನಡಕದವನು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ, ಕಂಬ ನೆಟ್ಟಗಿದೆಯೇ ಎಂದು ನೋಡಲು ತಾವು ಕಳಿಸಿದ ಇನ್‌ಸ್ಪೆಕ್ಟರು ಹೊಸ ಬೂಟು ಕಚ್ಚಿ ಕುಂಟುತ್ತಾ ಬಂದು ನಮ್ಮ ಗೇಟು ತಟ್ಟಿದರು. ಈಗ ಕಲ್ಲಿನ ಮೇಲೆ ಕೂತು, ಅಧ್ಯಕ್ಷರಾದ ತಮ್ಮ ಪಾಲಿನದನ್ನೂ ಸೇರಿಸಿ ಬೈಸಿಕೊಳ್ಳುತ್ತಿದ್ದಾರೆ. ಅತ್ತೆ ಅವರ ಎರಡೂ ಬೂಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, "ಬಾಣ ವಾಪಸ್ ಬರ್ಲಿ, ಬೂಟು ಕೊಡ್ತೀನಿ" ಎಂದಿದ್ದಾರೆ. ಇನ್‌ಸ್ಪೆಕ್ಟರಿಗೆ ಅವಸರವೇನೂ ಇದ್ದಂತಿಲ್ಲ.