ಪೊರಕೆಗಿಡಕ್ಕೆ ಕ್ಷೌರ

ಹೆಂಡತಿ: ಕತ್ತರಿ ಕೆಳಗಿಡಿ ಅಂದೆ.

ಗಂಡ: ಬಾಗಿಲಲ್ಲೇ ಹೀಗೆ ಕೆದರಿಕೊಂಡು ನಿಂತಿದ್ರೆ ಗಿರಾಕಿ ಏನಂತಾನೆ? ಮನೆ ಮುಂದಿನ ಗಿಡಕ್ಕೇ ಕ್ಷೌರ ಮಾಡದವನು ನನ್ನ ತಲೆಗೇನು ಮಾಡ್ತಾನೆ ಅಂತಾನೆ.

ಗಂಡನಿಗೆ ಮನೆಯ ಮುಂಭಾಗದಲ್ಲೇ ಕ್ಷೌರದಂಗಡಿ. ಗಿಡ ಹೆಂಡತಿಯದು. ಪೊರಕೆ ಕಡ್ಡಿಗಳಂಥ ಸಪೂರ ಹಸಿರು ಕೊಂಬೆಗಳು, ಮೈತುಂಬ ಹಳದಿ ಹೂ ಬಿಡಬೇಕಾದ ಪೊದೆ. ಬಿಡಬೇಕಾದದ್ದು, ಬಿಟ್ಟದ್ದಲ್ಲ. ಪ್ರತಿ ವರ್ಷ ಮೊಗ್ಗು ಮೂಡುವ ಹೊತ್ತಿಗೆ ಸರಿಯಾಗಿ ಈ ಮಹಾಶಯ ಅದರ ತಲೆ ಸಮ ಮಾಡುತ್ತಿದ್ದ. ಆಮೇಲೆ ಹೂವಿಲ್ಲವೆಂದು ಗೊಬ್ಬರ ಸುರಿಯುತ್ತಿದ್ದ, ಬಕೆಟ್ಟುಗಟ್ಟಲೆ ನೀರು ಹೊಯ್ಯುತ್ತಿದ್ದ. ಬಡ ಮಣ್ಣು, ಒಳ್ಳೆ ಬಿಸಿಲು ಇದ್ದರೆ ಅದಕ್ಕೆ ಸಾಕು ಎಂದು ಹೆಂಡತಿ ಹೇಳುತ್ತಲೇ ಬಂದಿದ್ದಳು. ಈ ಸಲ ಅವನು ಗುದ್ದಲಿಯನ್ನೂ ತಂದಿದ್ದ. ಇದೇ ಕೊನೆಯ ಕ್ಷೌರ, ನಾಳೆ ಬೇರುಸಹಿತ ಕಿತ್ತೆಸೆಯುವುದು ಎಂದು ಸಾರಿದ್ದ.

ಹೆಂಡತಿ: ಹೋದ ವರ್ಷ ಬೆಳೆದ ಕಡ್ಡಿಯಲ್ಲೇ ಈ ವರ್ಷ ಹೂ ಬರೋದು. ಅದನ್ನೇ ಕತ್ತರಿಸಿ ಹಾಕಿದ್ರೆ ಹೂ ಎಲ್ಲಿಂದ ಬರ್ಬೇಕು, ನಿಮ್ಮ ಮೀಸೆಯಿಂದಲಾ?

ಗಂಡ: ಕತ್ತರಿಸಿದಷ್ಟೂ ದಟ್ಟವಾಗಿ ಬರುತ್ತೆ ಕಣೇ. ಇದೇ ನನ್ನ ಕಸುಬು.

ಹೆಂಡತಿ: ಹಾಗಿದ್ರೆ ನಿಮ್ಮ ನೆತ್ತಿಗೇನಾಯ್ತು?

ಗಂಡ ಟೋಪಿ ಸರಿಮಾಡಿಕೊಂಡ. ಅಷ್ಟರಲ್ಲಿ ಪಕ್ಕದ ಮನೆಯ ಮೇಷ್ಟ್ರು ಗೋಡೆಯಾಚೆಯಿಂದ ತಲೆ ಎತ್ತಿದರು.

ಮೇಷ್ಟ್ರು: ಗಿಡ ಕೀಳ್ತೀರಾ? ಬೇಡಪ್ಪ. ನಮ್ಮ ಕಡೆ ಪ್ರತಿ ವರ್ಷ ಏನು ಚೆಂದ ಹೂ ಬಿಡುತ್ತೆ.

ಗಂಡ ಸ್ಟೂಲು ಹತ್ತಿ ಇಣುಕಿದ. ಅವನ ಕತ್ತರಿಗೆ ಎಟುಕದ ಒಂದೇ ಒಂದು ಕೊಂಬೆ ಆಚೆ ಬಾಗಿ, ಮೊಗ್ಗು ತುಂಬಿಕೊಂಡು ನಿಂತಿತ್ತು.

ಗಂಡ: ನೀರು ನಂದು, ಗೊಬ್ಬರ ನಂದು, ಹೂ ನಿಮಗಾ? ನೀವೇನು ಮಾಡ್ತೀರಿ ಇದಕ್ಕೆ?

ಮೇಷ್ಟ್ರು: ಏನೂ ಮಾಡಲ್ಲ. ನಾನು ಸೋಮಾರಿ.

ಗುದ್ದಲಿಯ ಜೊತೆ ಕತ್ತರಿಯೂ ಒಳಗೆ ಹೋಯಿತು. ಹೆಂಡತಿ ವರ್ಷಗಟ್ಟಲೆ ಹೇಳಿದರೆ ಅದು ಪಿರಿಪಿರಿ, ಪಕ್ಕದ ಮನೆಯವರು ಒಮ್ಮೆ ಹೇಳಿದರೆ ಶಾಸ್ತ್ರ. ಆ ವರ್ಷ ಪೊದೆ ಹಳದಿಯಲ್ಲಿ ಮುಳುಗಿಹೋಯಿತು. ಎಲ್ಲ ತನ್ನ ಆರೈಕೆ ಎಂದು ಗಂಡ ಕುರ್ಚಿಯಲ್ಲಿ ಕೂತವರ ತಲೆ ತಿಂದ. ಹೆಂಡತಿಯ ಸುದ್ದಿ ಒಬ್ಬರ ಕಿವಿಗೂ ಬೀಳಲಿಲ್ಲ.

ಹೂವೆಲ್ಲ ಉದುರಿದ ಮೇಲೆ ಅವಳೇ ಕತ್ತರಿ ತಂದಳು.

ಹೆಂಡತಿ: ಈಗ ಕತ್ತರಿಸಿ.

ಗಂಡ: ಪಾಪ ಕಣೇ, ಇಷ್ಟು ಹೂ ಕೊಟ್ಟಿದೆ. ಇನ್ನು ಇದರ ತಂಟೆಗೆ ನಾನು ಹೋಗಲ್ಲ.

ಹೆಂಡತಿ: ಈಗ ಬಿಟ್ರೆ ಬುಡ ಬೋಳಾಗಿ ಬರೀ ಕಟ್ಟಿಗೆ ಆಗುತ್ತೆ. ಹೂ ಮುಗಿದ ಹಸಿರು ಕಡ್ಡಿ ಮಾತ್ರ ತೆಗೀರಿ, ಹೊಸ ಕಡ್ಡಿ ಬಂದು ಮುಂದಿನ ವರ್ಷ ಹೂ ಬಿಡುತ್ತೆ. ಹಳೇ ಕಂದು ಕೊಂಬೆ ಮುಟ್ಟಬೇಡಿ, ಅಲ್ಲಿ ಮತ್ತೆ ಚಿಗುರಲ್ಲ.

ಗಂಡ: ಮೇಷ್ಟ್ರು ಹೀಗೆ ಹೇಳಲೇ ಇಲ್ವಲ್ಲ. ಅವರನ್ನ ಒಂದು ಮಾತು ಕೇಳಿ...

ಹೆಂಡತಿ: ಬೇಡ ಅಂದಾಗ ಕತ್ತರಿಸಿದ್ರಿ. ಕತ್ತರಿಸಿ ಅಂದ್ರೆ ಬೇಡ ಅಂತೀರಿ. ಗಿಡಕ್ಕೆ ಮಾಡೋದು ಬದಲಾಯ್ತು, ನನಗೆ ಮಾಡೋದು ಮಾತ್ರ ಬದಲಾಗಲಿಲ್ಲ.

ಗಂಡ ಗಿಡ ನೋಡಿದ, ಹೆಂಡತಿಯ ಮುಖ ನೋಡಿದ. ಕೊನೆಗೆ ಕತ್ತರಿ ತೆಗೆದುಕೊಂಡು, ಅಂಗಡಿಯಲ್ಲಿ ದಿನವಿಡೀ ಕಂಡಕಂಡವರನ್ನೆಲ್ಲ ಕೇಳುವ, ಮನೆಯಲ್ಲಿ ಎಂದೂ ಕೇಳದ ಪ್ರಶ್ನೆಯನ್ನು ಕೇಳಿದ.

ಗಂಡ: ಎಷ್ಟು ತೆಗೀಲಿ?